ಪಹಣಿ ಯಾರ ಹೆಸರಿಗಾಯಿತು?

2023ರ ಜನವರಿ. ಸಂಕ್ರಾಂತಿಗೆ ಇನ್ನು ನಾಲ್ಕೈದು ದಿನವಿದೆ ಎನ್ನುವಾಗ ನಾನು ಮಧುಗಿರಿಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ಬಸ್ಸು ದಾಬಸ್‌ಪೇಟೆ ಬಿಟ್ಟು ಕೊರಟಗೆರೆಯ ದಾರಿ ಹಿಡಿದಿತ್ತು. ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ಅಕ್ಕನ ಮಗ.

"ಮಾವ, ಎಲ್ಲಿದೀರಾ? ವಿಷಯ ಗೊತ್ತಾಯ್ತಾ? ಒಂದಲ್ಲ ಮಾವ, ಎರಡು!"

ಅವನ ಸಂತೋಷ ಎಷ್ಟು ಎತ್ತರದ ದನಿಯಲ್ಲಿತ್ತೆಂದರೆ, ಪಕ್ಕದಲ್ಲಿ ಚೀಲ ತಬ್ಬಿಕೊಂಡು ಕುಳಿತಿದ್ದ ಯಜಮಾನರು ನನ್ನ ಕಡೆ ತಿರುಗಿ, "ಏನ್ ಸಾ, ಅವಳಿ ಜವಳೀನಾ? ಗಂಡೋ ಹೆಣ್ಣೋ?" ಎಂದು ಕೇಳಿದರು. ಹೆರಿಗೆಯಲ್ಲ, ಸಿನಿಮಾ ವಿಷಯ ಎಂದು ನಾನು ಅವರಿಗೆ ತಿಳಿಸಬೇಕಾಯಿತು. 'ಕಾಂತಾರ' ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯ ಎರಡು ಅರ್ಹತೆಗಳು ದೊರೆತಿವೆಯೆಂದು ನಿರ್ಮಾಪಕ ಸಂಸ್ಥೆ ಪ್ರಕಟಿಸಿತ್ತು. ಸಂಜೆಯೊಳಗೆ ಆ 'ಅರ್ಹತೆ' ಎಂಬ ಮಾತು ಬಾಯಿಂದ ಬಾಯಿಗೆ ದಾಟುವಾಗ ಎಲ್ಲಿಯೋ ಉದುರಿಹೋಗಿ, ಮಧುಗಿರಿಯ ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ನಾನು ಕೇಳಿದ್ದು "ನಮ್ ಪಿಚ್ಚರ್‌ಗೆ ಆಸ್ಕರ್ ಬಂತಂತೆ" ಎಂದು.

ನಮ್ಮ ಕಡೆ ಹುಣಸೆಹಣ್ಣು ಬಡಿಯುವ ಕಾಲವೂ ಅಮೆರಿಕದವರು ಸಿನಿಮಾ ಪ್ರಶಸ್ತಿಗಳನ್ನು ಹಂಚುವ ಕಾಲವೂ ಹೆಚ್ಚು ಕಡಮೆ ಒಂದೇ. ಎರಡರಲ್ಲೂ ಬಡಿತ ಜೋರು, ಸಿಪ್ಪೆ ಬಹಳ. ಅಂದು ಪ್ರಕಟವಾದದ್ದು ಪ್ರಶಸ್ತಿಯ ಪಟ್ಟಿಯಲ್ಲ, ನಾಮನಿರ್ದೇಶನದ ಪಟ್ಟಿಯೂ ಅಲ್ಲ. ಅದು 301 ಚಿತ್ರಗಳ ಒಂದು ಜ್ಞಾಪನಪಟ್ಟಿ. ಲಾಸ್ ಏಂಜಲೀಸ್, ನ್ಯೂಯಾರ್ಕ್, ಷಿಕಾಗೊ ಮೊದಲಾಗಿ ಗೊತ್ತುಮಾಡಿದ ಆರು ನಗರಪ್ರದೇಶಗಳ ಪೈಕಿ ಒಂದರಲ್ಲಿ ಆ ವರ್ಷ ಚಿತ್ರ ಎಡೆಬಿಡದೆ ಏಳು ದಿನ ಓಡಿರಬೇಕು. 40 ನಿಮಿಷಕ್ಕಿಂತ ಉದ್ದವಿರಬೇಕು. ಕಾಗದಪತ್ರ ಹೊತ್ತಿಗೆ ಸರಿಯಾಗಿ ಮುಟ್ಟಿರಬೇಕು. ಇಷ್ಟಾದರೆ ಹೆಸರು ಸೇರುತ್ತದೆ. ಏಳು ದಿನ! ಮಧುಗಿರಿಯ ಟಾಕೀಸಿನಲ್ಲೇ ಆ ಚಿತ್ರ ಅದಕ್ಕಿಂತ ಹೆಚ್ಚು ದಿನ ಓಡಿತ್ತು. ಕನ್ನಡದ್ದೇ ಆದ 'ವಿಕ್ರಾಂತ್ ರೋಣ'ವೂ ಅದೇ ಪಟ್ಟಿಯಲ್ಲಿತ್ತು. ಮತದಾರರ ಪಟ್ಟಿಯಲ್ಲಿ ಹೆಸರು ಬಂದವನಿಗೆ ಶಾಸಕನಾದೆಯೆಂದು ಹಾರ ಹಾಕುವುದುಂಟೇ? ಹಾಕಿದ್ದಾಯಿತು. ಮುಂದೆ 24ನೆಯ ತಾರೀಖು ನಿಜವಾದ ನಾಮನಿರ್ದೇಶನಗಳು ಪ್ರಕಟವಾದಾಗ ಅದರಲ್ಲಿ 'ಕಾಂತಾರ' ಇರಲಿಲ್ಲ. 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು' ಹಾಡು ಇತ್ತು. ಮಾರ್ಚಿಯಲ್ಲಿ ಅದು ಗೆದ್ದೂ ಗೆದ್ದಿತು. ಪಾವಗಡದ ಕಡೆ ತೆಲುಗು ಮನೆಮಾತಾದವರು ಬಹಳ. ಅವರಿಗೆ ಅದು ತಮ್ಮ ಮನೆಯ ಹಬ್ಬದಂತೆ ಅನಿಸಿದ್ದರೆ ತಪ್ಪೇನಿಲ್ಲ.

ಅದಿರಲಿ. ಪಟ್ಟಿಯ ಪೊಳ್ಳುತನವನ್ನು ತೋರಿಸಿದ ಮಾತ್ರಕ್ಕೆ ಚಿತ್ರ ಪೊಳ್ಳೆಂದು ಸಿದ್ಧವಾಗುವುದಿಲ್ಲ. ತುತ್ತೂರಿ ಊದುವವರ ಮೇಲಿನ ಸಿಟ್ಟನ್ನು ಮದುಮಗನ ಮೇಲೆ ತೀರಿಸಿಕೊಳ್ಳುವುದು ವಿಮರ್ಶೆಯಲ್ಲ. ಆದುದರಿಂದ ಚಿತ್ರವನ್ನು ನಾನು ನೋಡಿದ ಬಗೆಯನ್ನು ಮೊದಲು ಹೇಳಬೇಕು.

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಈ ಚಿತ್ರವನ್ನು ನಾನು ನೋಡಿದ್ದು ದೀಪಾವಳಿಯಲ್ಲಿ, ಮಧುಗಿರಿಯ ಆ ಏಕಶಿಲೆಯ ಬೆಟ್ಟದ ನೆರಳಿನಲ್ಲಿ, ಅಳಿಯನೊಡನೆ. ಅವನಿಗೆ ಅದು ಮೂರನೆಯ ಸಲ. ನಾನು ಸಂಶಯವನ್ನು ಗಂಟುಕಟ್ಟಿಕೊಂಡೇ ಹೋದವನು. ಇಡೀ ಊರು ಹೊಗಳುವುದನ್ನು ಕಂಡರೆ ನನಗೆ ಹುಟ್ಟಿನಿಂದ ಬಂದ ಒಂದು ಹಿಂಜರಿಕೆಯುಂಟು. ಇದನ್ನು ನನ್ನ ಅಕ್ಕ 'ಎಡವಟ್ಟು ಬುದ್ಧಿ' ಎಂದು ಕರೆಯುತ್ತಾಳೆ. ಆದರೆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ದೈವ ಮೈಮೇಲೆ ಬಂದ ಶಿವನ ಆ ಕೂಗು ಎದ್ದಾಗ, ಮುಚ್ಚುಮರೆಯೇಕೆ, ನನ್ನ ಮೈಯ ಕೂದಲೂ ನಿಮಿರಿದವು. ಮುಂದಿನ ಸಾಲಿನ ಹೆಂಗಸೊಬ್ಬರು ಕಾಲಿನ ಚಪ್ಪಲಿ ಕಳಚಿ ಕೈಜೋಡಿಸಿದರು. ದೀಪ ಹತ್ತಿದ ಮೇಲೂ ಜನ ಒಂದು ಗಳಿಗೆ ಎದ್ದಿರಲಿಲ್ಲ. ಇಷ್ಟು ಮಾಡಬಲ್ಲ ಚಿತ್ರವನ್ನು ಬರಿಯ ಬಡಾಯಿ ಎಂದು ತಳ್ಳಿಹಾಕುವವನು ಸುಳ್ಳು ಹೇಳುತ್ತಾನೆ.

ರಿಷಬ್ ಶೆಟ್ಟರು ನಿರ್ದೇಶಕರಾಗಿ ಎಲ್ಲಿ ಎಷ್ಟು ಗೆದ್ದರು ಎಂಬುದರಲ್ಲಿ ವಾದಕ್ಕೆ ಎಡೆಯಿದೆ; ನಟರಾಗಿ ತಮ್ಮ ಶರೀರವನ್ನು ಆ ಕೊನೆಯ ದೃಶ್ಯಕ್ಕೆ ಒಪ್ಪಿಸಿದ ರೀತಿಯಲ್ಲಿ ವಾದವಿಲ್ಲ. ಅಜನೀಶ್ ಲೋಕನಾಥರ ಸಂಗೀತಕ್ಕಿಂತ ಅವರು ಎಲ್ಲಿ ಸಂಗೀತವನ್ನು ನಿಲ್ಲಿಸಿದರು ಎಂಬುದು ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಇನ್ನೊಂದು ಗುಣವನ್ನು ವಿಶೇಷವಾಗಿ ಹೇಳಬೇಕು. ಕರಾವಳಿಯ ಮಾತು ನಮ್ಮ ಸಿನಿಮಾದಲ್ಲಿ ಬಹುಕಾಲ ಹೋಟೆಲು ಮಾಣಿಯ ಹಾಸ್ಯಕ್ಕೆ ಮೀಸಲಾಗಿತ್ತು. ಇಲ್ಲಿ ಇಡೀ ಚಿತ್ರವೇ ಆ ಮಾತನ್ನು ಯಾರ ಅಪ್ಪಣೆಯನ್ನೂ ಕೇಳದೆ ಆಡುತ್ತದೆ. ಮಧುಗಿರಿಯ ಜನಕ್ಕೆ ಅರ್ಧ ಮಾತು ತಿಳಿಯಲಿಲ್ಲ. ನಗಬೇಕಾದಲ್ಲಿ ನಕ್ಕರು, ಹೆದರಬೇಕಾದಲ್ಲಿ ಹೆದರಿದರು. ಚಿತ್ರ ಓಡುತ್ತಿದ್ದ ಆ ಅಕ್ಟೋಬರ್ ತಿಂಗಳಲ್ಲೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಪ್ರಕಟಿಸಿತು. ಒಂದು ಸಿನಿಮಾದಿಂದ ಮುದುಕರಿಗೆ ಊಟ ಹುಟ್ಟಿದರೆ ಅದು ಯಾವ ಪದಕಕ್ಕೂ ಕಡಮೆಯದಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ಟಾಕೀಸಿನಿಂದ ಮನೆಗೆ ನಡೆದು ಬರುವಾಗ ಮನಸ್ಸಿನಲ್ಲಿ ಏನೋ ಕಸಿವಿಸಿ. ಅದು ಏನೆಂದು ಅಂದು ನನಗೆ ಸ್ಪಷ್ಟವಾಗಲಿಲ್ಲ. ಮೊದಲು ತೋರಿದ್ದು ಲೀಲೆಯ ವಿಷಯ.

ಸಪ್ತಮಿ ಗೌಡರು ವಹಿಸಿದ ಆ ಪಾತ್ರವನ್ನು ನೆನೆಯಿರಿ. ಅದೇ ಹಳ್ಳಿಯ ಹುಡುಗಿ. ಅರಣ್ಯ ಇಲಾಖೆಯಲ್ಲಿ ಗಾರ್ಡಾಗಿ ಸೇರುತ್ತಾಳೆ. ಇಲಾಖೆ ಬೇಲಿ ಹಾಕಲು ಹೊರಟಿರುವುದು ಅವಳ ಜನರ ಕಾಡಿಗೆ. ಇಡೀ ಕಥೆಯ ಮುಳ್ಳು ಯಾರ ಎದೆಯಲ್ಲಿ ನಾಟಿಕೊಂಡಿದೆ ಎಂದು ಕೇಳಿದರೆ ಉತ್ತರ ಲೀಲೆ, ಶಿವನಲ್ಲ. ಒಂದು ಕಡೆ ಸಂಬಳ, ಸಮವಸ್ತ್ರ. ಮತ್ತೊಂದು ಕಡೆ ತಾಯ್ತಂದೆ, ಊರು. ಇಂಥವಳನ್ನು ಕೈಯಲ್ಲಿಟ್ಟುಕೊಂಡು ಚಿತ್ರ ಮಾಡಿದ್ದೇನು? ನಾಯಕ ಅವಳ ಸೊಂಟ ಚಿವುಟುತ್ತಾನೆ, ಟಾಕೀಸು ಶಿಳ್ಳೆ ಹಾಕುತ್ತದೆ. ಅನಂತರ ಅವಳು ಅಳುವುದಕ್ಕೂ ಕಾಯುವುದಕ್ಕೂ ಉಳಿಯುತ್ತಾಳೆ. ಇದನ್ನು ನೀತಿಬೋಧೆಯ ದೃಷ್ಟಿಯಿಂದ ಹೇಳುತ್ತಿಲ್ಲ, ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ. ಕಥೆಯ ಅತ್ಯಂತ ಬೆಲೆಬಾಳುವ ಪಾತ್ರವನ್ನು ಕಥೆಗಾರ ಗುರುತಿಸಲಿಲ್ಲವಲ್ಲ ಎಂಬ ಕೊರಗು ನನ್ನದು. ಕಿಶೋರ್ ವಹಿಸಿದ ಅರಣ್ಯಾಧಿಕಾರಿಯ ಪಾತ್ರಕ್ಕೆ ಈ ಅನ್ಯಾಯ ಆಗಿಲ್ಲ. ಆತನನ್ನು ಖಳನಂತೆ ತೋರಿಸುತ್ತ ಹೋಗಿ, ಮೆಲ್ಲನೆ ಅವನು ಖಳನಲ್ಲವೆಂದು ನಮಗೆ ತಿಳಿಸುವ ಜಾಣ್ಮೆ ಚಿತ್ರಕ್ಕಿದೆ.

ಎರಡನೆಯದು ಇಸವಿಗಳ ಲೆಕ್ಕ. ಕಥೆ 1847ರಲ್ಲಿ ಆರಂಭ. ರಾಜ ನೆಮ್ಮದಿಯನ್ನು ಹುಡುಕಿಕೊಂಡು ಬಂದು, ದೈವದ ಕಲ್ಲಿಗೆ ಬದಲಾಗಿ ಕಾಡಿನ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಆ ಭೂಮಿಯನ್ನು ಮರಳಿ ಕೇಳಿ ನ್ಯಾಯಾಲಯದ ಮೆಟ್ಟಿಲಲ್ಲಿ ಸಾಯುತ್ತಾನೆ. ಅಲ್ಲಿಂದ ಒಂದೇ ನೆಗೆತಕ್ಕೆ 1990. ಈ ನೆಗೆತದಲ್ಲಿ ಹಾರಿಹೋದ ಇಸವಿ ಯಾವುದು? 1974. ಆ ವರ್ಷದ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರು ತುಂಬಿದ್ದ ದಕ್ಷಿಣ ಕನ್ನಡದಲ್ಲಿ ಅದು ಮಾಡಿದಷ್ಟು ಬದಲಾವಣೆಯನ್ನು ಬೇರೆ ಜಿಲ್ಲೆಗಳಲ್ಲಿ ಮಾಡಲಿಲ್ಲ. 7ನೆಯ ನಮೂನೆಯ ಅರ್ಜಿ ಹಿಡಿದುಕೊಂಡು ಗೇಣಿದಾರರು ಭೂನ್ಯಾಯಮಂಡಲಿಯ ಮುಂದೆ ನಿಂತರು. ಧಣಿಗಳ ಎದುರು ತಲೆ ಎತ್ತದವರು ಅಲ್ಲಿ ಸಾಕ್ಷಿ ನುಡಿದರು. ಕಾಡಿನ ಭೂಮಿಗೂ ಗೇಣಿಯ ಗದ್ದೆಗೂ ಕಾನೂನಿನಲ್ಲಿ ಭೇದವಿದೆ, ಬಲ್ಲೆ. ಕಥೆಗಾರನಿಗೆ ಇಸವಿಗಳನ್ನು ಹಾರುವ ಸ್ವಾತಂತ್ರ್ಯವಿದೆ, ಅದನ್ನೂ ಬಲ್ಲೆ. ಆದರೂ ಭೂಮಿಯ ಕಥೆ ಹೇಳುತ್ತೇನೆಂದು ಹೊರಟವನು ಆ ಸೀಮೆಯ ಭೂಮಿಯ ಅತಿ ದೊಡ್ಡ ಸಂಗತಿಯನ್ನು ದಾಟಿಕೊಂಡು ಹೋದಾಗ, ಹಾರಿದ್ದು ಏಕೆ ಎಂದು ಕೇಳಬೇಕಾಗುತ್ತದೆ. ಅರ್ಜಿ ಕೊಟ್ಟು ಭೂಮಿ ಪಡೆದ ಮನುಷ್ಯ ಈ ಕಥೆಯೊಳಗೆ ಬಂದುಬಿಟ್ಟರೆ ದೈವಕ್ಕೆ ಅಷ್ಟು ಕೆಲಸವಿರುವುದಿಲ್ಲ.

ಇವು ನನ್ನ ಓದುಬರಹದ ತಕರಾರುಗಳು. ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಭಾವನವರು ಪಾವಗಡದ ಕಡೆ ಕೆಲಸವಿದೆ ಎಂದು ಹೊರಟರು. ನಾನೂ ಜೊತೆಗೆ ಹೋದೆ. ಮಿಡಿಗೇಶಿ ದಾಟಿದರೆ ನೆಲದ ಬಣ್ಣವೇ ಬೇರೆ. ತಿರುಮಣಿಯ ಸುತ್ತ ಭಾವನವರಿಗೆ ಪಿತ್ರಾರ್ಜಿತವಾಗಿ ಬಂದ ಒಂದಿಷ್ಟು ಕಡಲೆಕಾಯಿ ಹೊಲವಿತ್ತು. ಈಗ ಅಲ್ಲಿ ಕಡಲೆಕಾಯಿ ಇಲ್ಲ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಕಣ್ಣು ಹರಿದಷ್ಟು ದೂರಕ್ಕೂ ನೀಲಿ ಗಾಜಿನ ಹಲಗೆಗಳು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಉದ್ಯಾನ. 2,050 ಮೆಗಾವಾಟ್ ಸಾಮರ್ಥ್ಯ. ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡಿತು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಮಳೆಯನ್ನು ನಂಬಿ ಕೆಟ್ಟ ಸೀಮೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಭಾವನವರು ಸಂತುಷ್ಟರು. ಅವರಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿರುವುದರಿಂದ.

ಪಹಣಿಯಲ್ಲಿ ಹೆಸರಿಲ್ಲದವನೊಬ್ಬ ನಮಗೆ ಅಲ್ಲಿ ಸಿಕ್ಕಿದ. ಮೊದಲು ಭಾವನವರ ಹೊಲದಲ್ಲಿ ಬಿತ್ತನೆಯಿಂದ ಹಿಡಿದು ಕಾಯಿ ಬಿಡಿಸುವವರೆಗೆ ದುಡಿಯುತ್ತಿದ್ದವನು. ಹೊಲವಿಲ್ಲದ ಮೇಲೆ ಕೂಲಿಯಿಲ್ಲ. ಹಲಗೆ ಒರೆಸುವುದಕ್ಕೆ, ಹುಲ್ಲು ಕೀಳುವುದಕ್ಕೆ ಕೆಲವರಿಗೆ ಕರೆ ಬರುತ್ತದಂತೆ; ಇವನಿಗೆ ಬಂದಾಗ ಬಂತು, ಇಲ್ಲದಾಗ ಇಲ್ಲ. ಭಾವನವರು ಸಿನಿಮಾದ ಮಾತು ತೆಗೆದರು. "ನಮ್ಮ ಭಾವಮೈದ ಸಿನಿಮಾ ಬಗ್ಗೆ ಪೇಪರ್‌ನಲ್ಲಿ ಬರೀತಾರೆ ಕಣಯ್ಯ" ಎಂದು ನನ್ನನ್ನು ಪರಿಚಯ ಮಾಡಿಕೊಟ್ಟರು. ಅವನ ಮುಖ ಅರಳಿತು. ಮಗನ ಫೋನಿನಲ್ಲಿ ಅವನೂ 'ಕಾಂತಾರ'ವನ್ನು ನೋಡಿದ್ದ, ತೆಲುಗಿನಲ್ಲಿ. ಬಹಳ ಚೆನ್ನಾಗಿದೆ ಎಂದ. ದೇವರು ಬಂದಾಗ ತಾನೂ ಕೈಮುಗಿದೆ ಎಂದ. ಆಮೇಲೆ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಒಂದು ಮಾತು ಕೇಳಿದ:

"ಅದೆಲ್ಲ ಸರಿ ಸಾಮಿ. ಕೊನೇಗೆ ಪಾಣಿ ಯಾರ ಹೆಸರಿಗಾತು?"

ನನಗೆ ಉತ್ತರ ತೋಚಲಿಲ್ಲ. ಭಾವನವರು ನಕ್ಕರು, ಅವನೂ ನಕ್ಕ. ನಾನು ಕಥೆಯನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಅಚ್ಯುತ್ ಕುಮಾರ್ ವಹಿಸಿದ ಆ ಧಣಿ ದೇವೇಂದ್ರ, ಊರವರ ಜಮೀನುಗಳನ್ನು ಗುಟ್ಟಾಗಿ ತನ್ನ ಹೆಸರಿಗೆ ಮಾಡಿಕೊಂಡಿದ್ದಾನೆಂದು ಅರಣ್ಯಾಧಿಕಾರಿ ಕಂಡುಹಿಡಿಯುತ್ತಾನೆ. ಧಣಿ ಊರ ಮೇಲೆ ಬೀಳುತ್ತಾನೆ. ದೈವ ಬಂದು ಧಣಿಯನ್ನು ಮುಗಿಸುತ್ತದೆ. ಅನಂತರ ದೈವ ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ತನ್ನ ಎದೆಗೆ ಸೇರಿಸಿಕೊಂಡು ಒಂದುಮಾಡುತ್ತದೆ. ಶಿವ ಕಾಡಿನೊಳಕ್ಕೆ ಓಡಿ ಮಾಯವಾಗುತ್ತಾನೆ. ಸರಿ, ಮರುದಿನ ಬೆಳಿಗ್ಗೆ? ಕಾಗದಗಳು ಸತ್ತ ಧಣಿಯ ಹೆಸರಿನಲ್ಲಿವೆ. ಕಾಡಿನ ಗಡಿ ಇಲಾಖೆಯ ನಕ್ಷೆಯಲ್ಲಿದೆ. ಕೈಗಳು ಸೇರಿದುವು, ಕಡತ?

ನನ್ನ ಕಸಿವಿಸಿ ಏನೆಂಬುದು ಈಗ ತಿಳಿಯಿತು. ಚಿತ್ರ ಎರಡು ಗಂಟೆಗೂ ಮಿಕ್ಕಿ ಒಂದು ಪ್ರಶ್ನೆಯನ್ನು ಬೆಳೆಸುತ್ತದೆ: ಈ ನೆಲ ಯಾರದು? ಕೊನೆಗೆ ಬೇರೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಕೆಟ್ಟವನು ಯಾರು? ಎರಡನೆಯ ಉತ್ತರ ನಮ್ಮನ್ನು ಎಷ್ಟು ರೋಮಾಂಚನಗೊಳಿಸುತ್ತದೆಂದರೆ ಮೊದಲನೆಯ ಪ್ರಶ್ನೆ ಮರೆತೇಹೋಗುತ್ತದೆ. ನಾನು ಮರೆತಿದ್ದೆ. ಅವನು ಮರೆಯಲಿಲ್ಲ, ಏಕೆಂದರೆ ಅವನು ದಿನಾ ಬೆಳಗಾದರೆ ಅದನ್ನೇ ನೋಡುತ್ತ ಏಳುತ್ತಾನೆ.

ಅಳಿಯನಿಗೆ ಇದನ್ನು ಹೇಳಿದಾಗ ಅವನು ಸುಮ್ಮನಿರುವ ಹುಡುಗನಲ್ಲ. "ಮಾವ, ಸಿನಿಮಾ ಅಂದ್ರೆ ತಾಲ್ಲೂಕು ಕಚೇರೀನಾ? ಕ್ಲೈಮ್ಯಾಕ್ಸಲ್ಲಿ ತಹಸೀಲ್ದಾರರು ಬಂದು ಖಾತೆ ಬದಲಾಯಿಸಬೇಕಿತ್ತಾ?" ಎಂದ. ಮಾತು ಚೆನ್ನಾಗಿತ್ತು, ನಕ್ಕುಬಿಟ್ಟೆ. ಆದರೆ ಕಥೆಯೊಳಕ್ಕೆ ನ್ಯಾಯಾಲಯವನ್ನು, ನೋಂದಣಿಯನ್ನು, ಸರ್ವೆಯವರನ್ನು ಕರೆತಂದವನು ನಾನಲ್ಲ, ಚಿತ್ರಕಾರನೇ. ಕಡತ ಬಿಚ್ಚಿದವರು ಅದನ್ನು ಓದದೆ ದೀಪ ಆರಿಸಿದರೆ ಪ್ರೇಕ್ಷಕ ಕೇಳಬಾರದೇ?

ಈ ಪ್ರಶ್ನೆಯನ್ನು ಎಲ್ಲರ ಮುಂದೆ ಕೇಳುವ ಅವಕಾಶವೂ ನನಗೆ ಒದಗಿತು. ಒದಗಿದಾಗ ನಾನು ಏನು ಮಾಡಿದೆ ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ತಿಂಗಳ 22ನೆಯ ತಾರೀಖು, ಭಾನುವಾರ, ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಯುವಕರು ಪೆಂಡಾಲು ಹಾಕಿ, 'ಆಸ್ಕರ್ ಪ್ರವೇಶಿಸಿದ ಕನ್ನಡದ ಹೆಮ್ಮೆ'ಗೆ ಅಭಿನಂದನೆಯಿಟ್ಟುಕೊಂಡರು. ಅಳಿಯನ ಸ್ನೇಹಿತರು. ಬೆಂಗಳೂರಿನಿಂದ ಬಂದಿರುವ ಮಾವ ಇದ್ದಾರಲ್ಲ ಎಂದು ನನ್ನನ್ನೇ ಮುಖ್ಯ ಅತಿಥಿ ಮಾಡಿದರು. ನಾನು ಹತ್ತು ನಿಮಿಷ ಮಾತಾಡಿದೆ. ಕರಾವಳಿಯ ಸಂಸ್ಕೃತಿ, ಕನ್ನಡದ ಕೀರ್ತಿ, ಹದಿನಾರು ಕೋಟಿಯಲ್ಲಿ ತೆಗೆದ ಚಿತ್ರ ನಾನೂರು ಕೋಟಿ ದಾಟಿತೆಂಬ ವರದಿ, ಎಲ್ಲವೂ ಬಂತು. ಆ 301ರ ವಿಷಯ ಬರಲಿಲ್ಲ. ಲೀಲೆ ಬರಲಿಲ್ಲ. ತಿರುಮಣಿಯ ಆ ಮನುಷ್ಯನಂತೂ ಬರಲೇ ಇಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗರ ಕಣ್ಣುಗಳ ಹೊಳಪನ್ನು ನೋಡಿ ನನ್ನ ನಾಲಗೆ ಏಳಲಿಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿದ್ದ ದಾಳಿಂಬೆಯನ್ನು ಅಕ್ಕ ಮೆಚ್ಚಿಕೊಂಡಳು. ಹೊಗಳಿಕೆಯ ಋತುವಿನಲ್ಲಿ ಎಲ್ಲರೂ ಸುಳ್ಳು ಹೇಳಬೇಕಾಗಿಲ್ಲ, ನನ್ನಂಥವರು ಸುಮ್ಮನಿದ್ದರೆ ಸಾಕು ಎಂಬುದು ಅಂದು ರಾತ್ರಿ ನನಗೆ ಚೆನ್ನಾಗಿ ಗೊತ್ತಾಯಿತು. ಎರಡು ದಿನ ಕಳೆದು ನಾಮನಿರ್ದೇಶನಗಳು ಬಂದವು. ಪೆಂಡಾಲಿನವರು ಆ ಸುದ್ದಿಯನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪ್ರಶಸ್ತಿಗಳ ಬಗ್ಗೆ ನನ್ನ ಕಾಲದವರಿಗೆ ಇರುವ ಕಲ್ಪನೆಯೇ ಬೇರೆ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಾವು ಹುಡುಗರಾಗಿದ್ದಾಗ 'ಅವಾರ್ಡ್ ಪಿಚ್ಚರ್' ಎಂಬುದು ಬೈಗುಳ. ಪ್ರಶಸ್ತಿ ಬಂತೆಂದರೆ ಆ ಚಿತ್ರ ನಮ್ಮ ಊರಿಗೆ ಬರುವುದಿಲ್ಲ ಎಂದರ್ಥ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಎಂದು ಕನ್ನಡಕ್ಕೆ ಸ್ವರ್ಣಕಮಲ ತಂದ ಆರು ಚಿತ್ರಗಳಲ್ಲಿ ಒಂದನ್ನಾದರೂ ನಾನು ಮಧುಗಿರಿಯ ಟಾಕೀಸಿನಲ್ಲಿ ನೋಡಿದವನಲ್ಲ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ, ಊಟವಾಗಿ ದೊಡ್ಡವರು ಮಲಗಿದ ಹೊತ್ತಿನಲ್ಲಿ ಕೆಲವನ್ನು ಕಂಡದ್ದು. ಶಿರಾ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪನವರ ಚಿತ್ರಗಳನ್ನು ನೋಡಲು ನಾನು ಶಿರಾದಿಂದ ಬೆಂಗಳೂರಿಗೆ ಹೋಗಬೇಕಾಯಿತು. ಆಗ ಚಿತ್ರವನ್ನು ಪ್ರಶಸ್ತಿ ನಮ್ಮಿಂದ ದೂರ ಒಯ್ಯುತ್ತಿತ್ತು. ಈಗ ಚಿತ್ರ ಮೊದಲು ಊರೂರು ಗೆದ್ದು ಬರುತ್ತದೆ, ಪ್ರಶಸ್ತಿ ಅದರ ಹಿಂದೆ ಓಡಿ ಬರುತ್ತದೆ. ಇದು ಒಳ್ಳೆಯದೇ ಎನ್ನಬಹುದು. ಆದರೆ ಓಡುವವನಿಗೆ ಪರೀಕ್ಷಿಸುವ ವ್ಯವಧಾನ ಎಲ್ಲಿ?

2024ರ ಆಗಸ್ಟ್ 16ರಂದು 2022ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳು ಪ್ರಕಟವಾದವು. 'ಕಾಂತಾರ'ಕ್ಕೆ ಜನಪ್ರಿಯ ಮನರಂಜನೆಯ ಪ್ರಶಸ್ತಿ. ರಿಷಬ್ ಶೆಟ್ಟರಿಗೆ ಶ್ರೇಷ್ಠನಟ ಪ್ರಶಸ್ತಿ. ಸಂಜೆ ಅಳಿಯನ ಫೋನು: "ಮಾವ, ಈಗೇನಂತೀರಾ?" ನಟನ ಪ್ರಶಸ್ತಿ ನ್ಯಾಯವಾದದ್ದು ಎಂದೆ, ಮನಸ್ಸಿನಿಂದಲೇ ಎಂದೆ. ಆದರೆ ಆ ರಾತ್ರಿ ನನಗೆ ಇನ್ನೊಬ್ಬ ಶ್ರೇಷ್ಠನಟನ ನೆನಪು ಬಿಡಲಿಲ್ಲ. ಎಂ. ವಿ. ವಾಸುದೇವರಾಯರು, 1975ರ 'ಚೋಮನ ದುಡಿ'. ಅದೇ ಕರಾವಳಿ, ಅದೇ ನೆಲದ ಆಸೆ, ಅದೇ ಪಂಜುರ್ಲಿ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ಚಿತ್ರವಾಗಿಸಿದರು. ಚೋಮನಿಗೆ ಬೇಕಾದದ್ದು ಉಳುವುದಕ್ಕೆ ಒಂದು ತುಂಡು ಭೂಮಿ. ಎತ್ತುಗಳಿವೆ, ನೆಲವಿಲ್ಲ. ಹುಟ್ಟಿದ ಜಾತಿಯ ಕಾರಣದಿಂದ ಅವನು ಬೇಸಾಯಗಾರನಾಗುವಂತಿಲ್ಲ. ಮತ ಬದಲಿಸಿದರೆ ನೆಲ ಸಿಕ್ಕೀತೆಂದು ಹೊರಟರೆ ಅವನನ್ನು ಹಿಂದಕ್ಕೆ ಸೆಳೆಯುವುದು ಪಂಜುರ್ಲಿಯ ಮೇಲಿನ ಅವನ ಭಕ್ತಿಯೇ. ನೀರಿನಲ್ಲಿ ಮುಳುಗುವ ಅವನ ಮಗುವನ್ನು ಮುಟ್ಟಿ ಎತ್ತುವವರಿಲ್ಲ. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಪ್ರಾಣ ಬಿಡುತ್ತಾನೆ.

ಅಲ್ಲಿ ದೈವ ಸುಳ್ಳೆಂದು ಕಾರಂತರಿಬ್ಬರೂ ಹೇಳುವುದಿಲ್ಲ. ಚೋಮನಿಗೆ ದೈವ ನಿಜ. ಆದುದರಿಂದಲೇ ಅವನ ಸಂಕಟ ನಿಜ. ಅಲ್ಲಿಯ ದೈವ ಅವನನ್ನು ಕಟ್ಟಿಹಾಕುತ್ತದೆ, ಇಲ್ಲಿಯ ದೈವ ನಮ್ಮೆಲ್ಲರ ಪರವಾಗಿ ಹೊಡೆದಾಡಿ ನಮ್ಮನ್ನು ಮನೆಗೆ ಕಳುಹಿಸುತ್ತದೆ. ಚೋಮನನ್ನು ನೋಡಿ ಎದ್ದವನು, ಆ ಮಗುವನ್ನು ಎತ್ತದೆ ನಿಂತವರಲ್ಲಿ ತಾನೂ ಒಬ್ಬನೇ ಎಂದು ಅಂಜುತ್ತ ಏಳುತ್ತಾನೆ. 'ಕಾಂತಾರ' ನೋಡಿ ಎದ್ದ ನನಗೆ ಅಂಥ ಅಂಜಿಕೆ ಯಾವುದೂ ಇರಲಿಲ್ಲ. ಧಣಿ ಸತ್ತಿದ್ದ, ನಾನು ಧಣಿಯಲ್ಲ, ಬೋಂಡ ತಿಂದು ಮನೆಗೆ ಹೋದೆ. ಎಕರೆಗೆ 21,000ದ ಗುತ್ತಿಗೆ ಬರುವ ಮನೆಯಲ್ಲಿ ಹಬ್ಬದೂಟ ಮಾಡಿದವನು ನಾನೆಂಬುದು ನೆನಪಾಗಲು ತಿರುಮಣಿಯವರೆಗೆ ಹೋಗಬೇಕಾಯಿತು. ಈ ವ್ಯತ್ಯಾಸವನ್ನು ಎತ್ತಿ ಆಡಬೇಕಾದ ಹೊತ್ತು ಪ್ರಶಸ್ತಿಯ ಹೊತ್ತೇ. ಅದೇ ಹೊತ್ತಿನಲ್ಲಿ ಎತ್ತಿದರೆ ಕನ್ನಡದ್ರೋಹಿ ಎನ್ನುತ್ತಾರೆ.

ಇದೆಲ್ಲ ಹೇಳಿ ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಶಿರಾ ಸೀಮೆಯ ಒಬ್ಬ ಕುರಿಗಾಹಿ ನನ್ನ ಜಂಬವನ್ನು ಇಳಿಸಿದ್ದನ್ನೂ ಹೇಳಬೇಕು. ಬಡವನಹಳ್ಳಿಯಿಂದಾಚೆ ಶಿರಾ ದಾರಿಯಲ್ಲಿ ನಮ್ಮ ಕಾರಿನ ಚಕ್ರ ಕೂತು ಮರದ ಕೆಳಗೆ ನಿಂತಿದ್ದೆವು. ಆತ ಕಾಡುಗೊಲ್ಲರವನು, ನನಗಿಂತ ಹಿರಿಯ. ಅಳಿಯ ವಾಡಿಕೆಯಂತೆ ಸಿನಿಮಾ ಮಾತು ತೆಗೆದ. ಆತ 'ಕಾಂತಾರ'ವನ್ನು ಟಾಕೀಸಿಗೇ ಹೋಗಿ ನೋಡಿದ್ದ. ನೋಡಿ ಅತ್ತೆನೆಂದ. "ನಮ್ ಜುಂಜಪ್ಪುಂದು ಯಾವಾಗ ತೆಗೀತಾರೆ ಸಾ? ಅದೂ ಹಿಂಗೇ ಐತೆ" ಎಂದ. ಜುಂಜಪ್ಪ ದನಗಾಹಿಗಳ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಗುಡ್ಡೆಯಲ್ಲಿ ಅವನ ನೆಲೆ. ಉದ್ದನೆಯ ಬಿದಿರಿನ ಗಣೆ ಊದುತ್ತ ಗೊಲ್ಲರು ಅವನ ಕಥೆ ಹಾಡುತ್ತಾರೆ. ಮೂವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ ನನಗೆ ಗಣೆಯ ಒಂದು ಕಥೆಯನ್ನಾದರೂ ಪೂರ್ತಿ ಕೇಳುವ ಪುರಸೊತ್ತು ಆಗಿರಲಿಲ್ಲ. ತನ್ನ ದೇವರಿಗೂ ಪರದೆಯ ಮೇಲೆ ಜಾಗವಿದೆ ಎಂಬ ಆಸೆಯನ್ನು ಆತನಿಗೆ ಹುಟ್ಟಿಸಿದ್ದು ಚೋಮನಲ್ಲ, ತಬರನಲ್ಲ, ನಾನು ಅನುಮಾನದಿಂದ ನೋಡುತ್ತಿದ್ದ ಈ ಚಿತ್ರ. ಅದಕ್ಕೆ ನನ್ನಲ್ಲಿ ಎದುರುಮಾತಿರಲಿಲ್ಲ.

2025ರ ಅಕ್ಟೋಬರ್ 2ರಂದು ಇದರ ಹಿಂದಿನ ಕಥೆಯ ಚಿತ್ರ ತೆರೆಗೆ ಬಂತು. ಟಿಕೇಟಿನ ಬೆಲೆ 200 ರೂಪಾಯಿ ಮೀರಬಾರದೆಂದು ಸರ್ಕಾರ ಮಾಡಿದ ನಿಯಮಕ್ಕೆ ಸೆಪ್ಟೆಂಬರಿನಲ್ಲೇ ಹೈಕೋರ್ಟಿನಿಂದ ತಡೆಯಾಜ್ಞೆ ಬಂದಿತ್ತು; ಬೆಂಗಳೂರಿನಲ್ಲಿ ಬೆಲೆ ಕೇಳಿಯೇ ನಾನು ಹಿಂದೆ ಸರಿದೆ. ಅಳಿಯ ಹೋಗಿ ನೋಡಿ ಬಂದು, ಯುದ್ಧದ ದೃಶ್ಯಗಳನ್ನು ಅರ್ಧ ಗಂಟೆ ವರ್ಣಿಸಿದ. ಕಥೆ ಇನ್ನೂ ಹಿಂದಕ್ಕೆ, ರಾಜರ ಕಾಲಕ್ಕೆ ಹೋಗಿದೆಯಂತೆ. ಅಲ್ಲಿ ಪಹಣಿಯ ಪ್ರಶ್ನೆ ಇನ್ನೂ ಹುಟ್ಟಿಯೇ ಇರಲಿಲ್ಲ ಎಂದು ಅವನೇ ನಗುತ್ತ ಹೇಳಿದ. ನನ್ನ ಮಾತು ಅವನ ಕಿವಿಗೆ ಬಿದ್ದಿದೆ ಎಂದು ತಿಳಿದು ಸಂತೋಷವಾಯಿತು.

ನಾನು ಅವನಿಗೆ ಒಂದು ಮಾತು ಕೊಟ್ಟಿದ್ದೇನೆ. ಯಾರಾದರೂ ಲೀಲೆಯ ಕಥೆಯನ್ನು ತೆಗೆಯಲಿ: ಬೆಳಿಗ್ಗೆ ಸಮವಸ್ತ್ರ ತೊಟ್ಟು ತನ್ನ ತಂದೆಯ ಹೊಲದ ಅಂಚಿಗೆ ಇಲಾಖೆಯ ಕಲ್ಲು ನೆಡಲು ಹೋಗುವ ಹುಡುಗಿಯ ಕಥೆ. ದೈವವೂ ಬರಲಿ, ನನ್ನ ಅಡ್ಡಿಯಿಲ್ಲ. ಆ ಚಿತ್ರಕ್ಕೆ ಮೊದಲ ದಿನ ಮೊದಲ ಆಟಕ್ಕೆ ನಾನೇ ಸಾಲಿನಲ್ಲಿ ನಿಲ್ಲುತ್ತೇನೆ, ಬೆಲೆ ಎಷ್ಟಾದರೂ ಆಗಲಿ. ನಾಲ್ಕು ಟಿಕೇಟು. ನನಗೊಂದು, ಅಳಿಯನಿಗೊಂದು, ಶಿರಾ ದಾರಿಯ ಆ ಹಿರಿಯನಿಗೊಂದು, ತಿರುಮಣಿಯವನಿಗೊಂದು. ಭಾವನವರು ತಮ್ಮದನ್ನು ತಾವೇ ಕೊಂಡುಕೊಳ್ಳಬಲ್ಲರು.